ಅಜ್ಜಿಯ ಕಥೆಗಳನ್ನು ಸುಳ್ಳೆಂದು ಪರಿಗಣಿಸಿ ಕಂತು ಇಳಿಸುವ ಬಗ್ಗೆ

ಇಂದ:
ಕನ್ನಡಕದ ಅಂಗಡಿಯಲ್ಲಿ ಗಾಜು ಒರೆಸುವವಳು
(ಅಜ್ಜಿಯೊಂದಿಗೆ ಒಂದೇ ಕೋಣೆಯಲ್ಲಿ ವಾಸ, ಸಾಮಾನು ಮಾತ್ರ ಬಾಡಿಗೆ ಗೋದಾಮಿನ ನಲವತ್ತೊಂದನೇ ಕೋಣೆಯಲ್ಲಿ)

ಗೆ:
ಶಾಖಾ ವ್ಯವಸ್ಥಾಪಕರು,
ಸಾಮಾನು ವಿಮಾ ಕಂಪನಿ, ನಾಲ್ಕನೇ ಮಹಡಿ (ಲಿಫ್ಟ್ ಕೆಟ್ಟಿದೆ)

ವಿಷಯ: ಹಳೇ ಸಾಮಾನಿಗೆ ಹಾಕಿರುವ ಅರಮನೆ ದರವನ್ನು ಮನುಷ್ಯರ ದರಕ್ಕೆ ಇಳಿಸುವ ಕುರಿತು.

ಉಲ್ಲೇಖ: ೧. ನಮ್ಮ ಸಾಮಾನನ್ನು "ಪ್ರಾಚೀನ ಹಾಗೂ ರಾಜಮನೆತನದ ವಸ್ತುಗಳು" ವರ್ಗಕ್ಕೆ ಸೇರಿಸಿದ ತಮ್ಮ ಪತ್ರ.
೨. ತಿಂಗಳ ಕೊನೆಯೊಳಗೆ ವಿಮೆ ಮಾಡಿಸದಿದ್ದರೆ ಬೀಗ ಒಡೆದು ಹರಾಜು ಹಾಕುವುದಾಗಿ ಗೋದಾಮಿನವರ ನೋಟೀಸು.
೩. ಅಜ್ಜಿ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಅರ್ಜಿದಾರಳು ನಿವೇದಿಸಿಕೊಳ್ಳುವುದೇನೆಂದರೆ,

೧. ಹಳೇ ಮನೆಯನ್ನು ಮಾಲೀಕರು ಕೆಡವಿದ ಕಾರಣ ಅಜ್ಜಿ, ಮೊಮ್ಮಗಳು ಒಂದು ಕೋಣೆಗೆ ಬಂದರು. ಅಲ್ಲಿ ಒಬ್ಬರು ಮೈಮುರಿದರೆ ಇನ್ನೊಬ್ಬರು ಎದ್ದು ನಿಲ್ಲಬೇಕು. ಆದ್ದರಿಂದ ಮಂಚ, ಮರದ ಪೆಟ್ಟಿಗೆ, ಆಳೆತ್ತರದ ಕನ್ನಡಿ ಗೋದಾಮು ಸೇರಿದವು. ವಿಮೆಯಿಲ್ಲದ ಸಾಮಾನು ಇಡಕೂಡದೆಂದು ಅಲ್ಲಿನ ನಿಯಮ. ಐದು ಕಂಪನಿಗಳ ಮೆಟ್ಟಿಲು ಹತ್ತಿಳಿದ ಮೇಲೆ, ಇದ್ದುದರಲ್ಲಿ ಅಗ್ಗವೆಂದು ಸಿಕ್ಕವರು ತಾವು.

೨. ತಮ್ಮ ಸರ್ವೇಯರು ಗೋದಾಮಿಗೆ ತಪಾಸಣೆಗೆ ಬಂದ ದಿನ ಅರ್ಜಿದಾರಳು ಅಜ್ಜಿಯನ್ನು ಅಲ್ಲೇ ಕೂರಿಸಿ, ನಮೂನೆಯ ನಕಲು ತೆಗೆಸಲು ಹೋದಳು. ನಲವತ್ತೇ ನಿಮಿಷ. ಅಷ್ಟರಲ್ಲಿ ಮನೆ ಮುಳುಗಿತು. "ವಸ್ತು ಹೇಗೆ ಬಂತು" ಎಂಬ ಏಳನೇ ಅಂಕಣವನ್ನು ಸರ್ವೇಯರು ಓದಿದ್ದೇ ತಡ, ಅಜ್ಜಿ ಮಂಚದ ಮೇಲೆ ಕಾಲು ಮಡಚಿ ಕೂತು "ಒಂದಾನೊಂದು ಕಾಲದಲ್ಲಿ" ಎಂದು ಶುರು ಮಾಡಿದರು. ಅರ್ಜಿದಾರಳು ಮರಳುವ ಹೊತ್ತಿಗೆ ಕನ್ನಡಿ, ನೆರಳು ಕಳೆದುಕೊಂಡ ರಾಣಿಯದಾಗಿತ್ತು. ಪೆಟ್ಟಿಗೆ ಏಳು ಕಡಲಾಚೆಯ ವರ್ತಕನದು. ಮಂಚಕ್ಕೆ ಮಾತು ಬರುತ್ತಿತ್ತು. ಸರ್ವೇಯರು ಎಲ್ಲವನ್ನೂ ಬರೆದುಕೊಂಡು, ಪೆನ್ನು ಕಚ್ಚಿ ಕೂತಿದ್ದರು.

"ಆಮೇಲೆ ರಾಣಿ ಏನ್ ಮಾಡಿದ್ಲು ಅಜ್ಜಿ?"

"ಅದು ನಾಳೆಗೆ ಕಣಪ್ಪ. ಒಂದೇ ಸಲ ಸುರಿದ್ರೆ ಕಿವಿ ತುಂಬಿ ಚೆಲ್ಲುತ್ತೆ."

ಕಾರಣ ಅವರು "ಮರುಪರಿಶೀಲನೆ" ಎಂದು ಇನ್ನೆರಡು ಸಲ ಬಂದರು. ಕೊನೆಯ ಸಲ ಅಳತೆ ಟೇಪನ್ನೂ ತಂದಿರಲಿಲ್ಲ.

೩. ಪರಿಣಾಮವಾಗಿ ಕಂತು ಆರು ಪಟ್ಟಾಯಿತು. ಕನ್ನಡಿ ಒಡೆದರೆ ರಾಣಿಯ ಬೆಲೆ ಕೊಡುವಿರಾ ಎಂದು ಅರ್ಜಿದಾರಳು ತಮ್ಮ ಕೌಂಟರಿನಲ್ಲಿ ಕೇಳಲಾಗಿ,

"ಅದ್ಹೇಗಮ್ಮಾ? ಕ್ಲೇಮ್ ಬಂದಾಗ ಹಳೇ ಕನ್ನಡಿ ಅಂತಲೇ ಲೆಕ್ಕ. ಹದಿನಾಲ್ಕನೇ ನಿಯಮ ಓದಿಲ್ವಾ? ಅಕ್ಷರ ಸ್ವಲ್ಪ ಸಣ್ಣ, ಅಷ್ಟೆ" ಎಂದು ಮೇಡಂ ಉತ್ತರಿಸಿದರು.

ಕನ್ನಡಕದ ಅಂಗಡಿಯವಳಿಗೂ ಕಾಣದ ಅಕ್ಷರ ಅದು. ಭೂತಗನ್ನಡಿ ಹಿಡಿದು ಓದಿ ಹೇಳಿದಾಗ ಅಜ್ಜಿ ಗಲ್ಲಕ್ಕೆ ಕೈಯಿಟ್ಟರು: "ಈಸ್ಕೊಳ್ಳೋವಾಗ ನನ್ನ ಕಥೆ ನಿಜ, ಕೊಡೋವಾಗ ಸುಳ್ಳಾ? ನನ್ನನ್ನೂ ಮೀರಿಸಿದ ಕಥೆಗಾರ್ರು ಕಣೇ ಇವರು!"

೪. ದರ ಇಳಿಯಬೇಕಾದರೆ ಏಳನೇ ಅಂಕಣವೆಲ್ಲ ಸುಳ್ಳೆಂದು ಅಜ್ಜಿಯ ಸಹಿ ಬೇಕು, ಪುರಾವೆಯೂ ಬೇಕು ಎಂದಿರಿ. ಆದ್ದರಿಂದ ಅರ್ಜಿದಾರಳು ಕನ್ನಡಿಯ ಬೆನ್ನು ತಿರುಗಿಸಿದಳು. ಅಲ್ಲೊಂದು ಚೀಟಿ: "ಹರಾಜು. ಬಾಡಿಗೆ ಕಟ್ಟಿಲ್ಲ. ಕೋಣೆ ಹದಿನೇಳು." ಪೆಟ್ಟಿಗೆಯ ತಳದಲ್ಲೂ ಮಂಚದ ಕಾಲಿನಲ್ಲೂ ಅಂಥದೇ. ತಾತ ಹರಾಜಿನ ಅಂಗಳದಲ್ಲಿ ಹಮಾಲಿ. ಯಾರೂ ಕೊಳ್ಳದ್ದನ್ನು ಬೆನ್ನ ಮೇಲೆ ಹೊತ್ತು ತಂದಿದ್ದರು. ಆ ಕಥೆಗಳನ್ನೇ ಕೇಳಿ ಬೆಳೆದು, ಇಂದಿಗೂ ಕನ್ನಡಿ ನೋಡಿದಾಗಲೆಲ್ಲ ತನ್ನ ನೆರಳು ಕಾಲಡಿಯಲ್ಲೇ ಇದೆಯೇ ಎಂದು ತಿರುಗಿ ನೋಡಿಕೊಳ್ಳುವ ಅರ್ಜಿದಾರಳಿಗೆ ಇದರಿಂದಾದ ನಷ್ಟವು ತಮ್ಮ ಯಾವ ವರ್ಗಕ್ಕೂ ಸೇರದ ಕಾರಣ, ಅದನ್ನಿಲ್ಲಿ ನಮೂದಿಸಿಲ್ಲ.

"ಯಾಕಜ್ಜಿ ಸುಳ್ಳು ಹೇಳ್ದೆ?"

"ಮತ್ತಿನ್ನೇನ್ ಹೇಳ್ಲಿ? ಯಾರದೋ ಮನೆ ಮುರಿದು ಬಂದ ಮಂಚ, ಮಲಕ್ಕೋ ಕಂದಾ ಅನ್ಲಾ? ನಿಂಗೆ ನಿದ್ದೆ ಬರ್ತಿತ್ತಾ?" ಎಂದು ಅಜ್ಜಿ ಪೆನ್ನು ಕಿತ್ತುಕೊಂಡು ಸಹಿ ಹಾಕಿದರು. "ತಗೋ. ಎಲ್ಲಾ ಸುಳ್ಳು. ಇವಕ್ಕೆ ಇನ್ನೊಂದ್ ಸಲ ಚೀಟಿ ಅಂಟಿಸದೇ ಇದ್ರೆ ಸಾಕು."

ಆದ್ದರಿಂದ, ರಾಣಿ ಇರಲಿಲ್ಲ, ವರ್ತಕ ಇರಲಿಲ್ಲ, ಮಂಚ ಕಿರುಗುಟ್ಟುತ್ತದೆಯೇ ಹೊರತು ಮಾತಾಡುವುದಿಲ್ಲ ಎಂಬುದನ್ನು ತಾವು ದಾಖಲಿಸಿಕೊಂಡು, ಹಳೇ ಸಾಮಾನಿಗೆ ಹಳೇ ಸಾಮಾನಿನ ದರವನ್ನೇ ದಯಪಾಲಿಸಬೇಕಾಗಿ ಪ್ರಾರ್ಥನೆ. ಸರ್ವೇಯರು ಮತ್ತೊಮ್ಮೆ ಬರುವುದಾದರೆ ಮಂಜೂರಾತಿ ಪತ್ರದೊಂದಿಗೇ ಬರತಕ್ಕದ್ದು. ರಾಣಿಗೆ ನೆರಳು ಸಿಕ್ಕಿತೋ ಇಲ್ಲವೋ ಎಂಬುದನ್ನು ಆ ಪತ್ರವಿಲ್ಲದೆ ತಿಳಿಸಲಾಗದೆಂದು ಅಜ್ಜಿಯ ಆದೇಶ.

ಹದಿನಾಲ್ಕನೇ ನಿಯಮಕ್ಕೆ ಒಳಪಟ್ಟು,
ತಮ್ಮ ವಿಶ್ವಾಸಿ,
ಅರ್ಜಿದಾರಳು

ಲಗತ್ತುಗಳು:
೧. ಅಜ್ಜಿಯ ಹೇಳಿಕೆ, ಸಹಿಸಹಿತ.
೨. ಹರಾಜಿನ ಚೀಟಿಗಳು, ಮೂರು (ಕಷ್ಟಪಟ್ಟು ಕಿತ್ತವು, ಮರಳಿ ಅಂಟಿಸಕೂಡದು).
೩. ಸದರಿ ಕಥೆಗಳು, ಮೂರು. ಕನ್ನಡಿಯ ಕಥೆಯ ಕೊನೆ ಮಾತ್ರ ಅಂಟಿಸಿದ ಲಕೋಟೆಯಲ್ಲಿದೆ, ಸರ್ವೇಯರು ತೆರೆಯಕೂಡದು.

ವಿಶೇಷ ಕೋರಿಕೆ: ಮೇಲಿನದಾವುದೂ ತಮ್ಮಿಂದ ಆಗದೆ ಸಾಮಾನು ಹರಾಜಾದ ಪಕ್ಷದಲ್ಲಿ, ಮೂರನೇ ಲಗತ್ತನ್ನು ಗೋದಾಮಿನವರ ಮುಖಾಂತರ ಕೊಂಡವರಿಗೆ ತಲುಪಿಸುವುದು. ಅವರ ಮನೆಯಲ್ಲಿ ಮಕ್ಕಳಿರಬಹುದು.