ನಾನು ಮೆಂಟರ್ ಆದದ್ದು

‘ಗೊತ್ತಿಲ್ಲ’ ಎಂದು ಹೇಳಲು ಬಾರದವನು ಮೇಷ್ಟ್ರಾಗಬಾರದು. ನನಗೆ ಬರುವುದಿಲ್ಲ, ಆದರೂ ಇಪ್ಪತ್ತೆರಡು ವರ್ಷದಿಂದ ಆಗಿದ್ದೇನೆ. ಮಕ್ಕಳ ಪ್ರಶ್ನೆಗೆ ಉತ್ತರ ಹೊಳೆಯದಿದ್ದರೆ “ಒಳ್ಳೆಯ ಪ್ರಶ್ನೆ, ನಾಳೆ ನೋಡುವ” ಎಂದು ಬೆಲ್ಲು ಹೊಡೆಯುವವರೆಗೆ ಕಾಲ ತಳ್ಳುವವನು ನಾನು. ಇಂಥವನನ್ನು ಹಿಡಿದು ನಮ್ಮ ಹೆಡ್ ಟೀಚರು ಹತ್ತನೆಯ ತರಗತಿಯ ಹತ್ತು ಮಕ್ಕಳಿಗೆ ‘ಮೆಂಟರ್’ ಮಾಡಿದರು.

ಸುತ್ತೋಲೆ ಬಂದದ್ದು ಮಲಯಾಳದಲ್ಲಿ. ಕಾಸರಗೋಡಿನ ಕನ್ನಡ ಶಾಲೆಗೆ ಅದೇನೂ ಹೊಸತಲ್ಲ. ಗಣಿತದ ಬಿಂದು ಟೀಚರು ಸ್ಟಾಫ್ ರೂಮಿನಲ್ಲಿ ಗಟ್ಟಿಯಾಗಿ ಓದಿ ಅರ್ಥ ಹೇಳುವುದು, ನಾವೆಲ್ಲ ಅವಲಕ್ಕಿ ತಿನ್ನುತ್ತ ಕೇಳುವುದು ಕ್ರಮ. ಅವರೂ ‘ಮೆಂಟರ್’ ಎಂಬಲ್ಲಿಗೆ ಬಂದು ನಿಂತುಬಿಟ್ಟರು. ಬರೆದವರು ಅದಕ್ಕೊಂದು ಮಲಯಾಳ ಪದ ಹುಡುಕುವ ಗೋಜಿಗೇ ಹೋಗಿರಲಿಲ್ಲ. “ಹಾಗೆಂದರೆ ಎಂತ?” ಎಂದೆ. ನಮ್ಮ ಕನ್ನಡ ಪಂಡಿತರು ಮೊದಲು ಮಾರ್ಗದರ್ಶಕ ಎಂದರು, ಆಮೇಲೆ ಹಿತೈಷಿ ಎಂದರು. ಕೊನೆಗೆ “ಎರಡೂ ಸೇರಬೇಕು ಮಾರಾಯ್ರೇ. ಕಣ್ಣುಮುಚ್ಚಿ ನಂಬಿ ಹಿಂದೆ ಹೋಗಬಹುದಾದವ” ಎಂದು, ನನ್ನನ್ನೊಮ್ಮೆ ಮೇಲಿಂದ ಕೆಳಗೆ ನೋಡಿ, ಅವಲಕ್ಕಿಯ ಕಡೆ ತಿರುಗಿದರು.

ಅರ್ಥ ಏನೇ ಇರಲಿ, ಬಳಕೆ ಮರುದಿನವೇ ತಿಳಿಯಿತು. ಹುಡುಗ ತಡವಾಗಿ ಬಂದರೆ “ಯಾರು ಇವನ ಮೆಂಟರ್?” ಹುಡುಗಿಗೆ ಹಲ್ಲುನೋವು ಬಂದರೆ “ಎಲ್ಲಿ ಮೆಂಟರ್?” ಮಧ್ಯಾಹ್ನದ ಊಟದ ಬಟ್ಟಲು ಕಾಣೆಯಾದರೆ “ಮೆಂಟರ್ ಎಂತ ಮಾಡ್ತಿದ್ರು?” ಹೆಡ್ ಟೀಚರ ಬಾಯಲ್ಲಿ ಆ ಪದ ಪ್ರಶ್ನಾರ್ಥಕ ಚಿಹ್ನೆ ಇಲ್ಲದೆ ಬಂದದ್ದೇ ಇಲ್ಲ. ಸಾಕಪ್ಪಾ ಸಾಕು, ಈ ಗೌರವ ಯಾರಿಗಾದರೂ ದಾನ ಕೊಟ್ಟುಬಿಡೋಣ ಎನಿಸುತ್ತಿತ್ತು.

ಅಷ್ಟರಲ್ಲಿ ಪರೀಕ್ಷೆಯ ಫಲಿತಾಂಶ ಬಂತು. ಪ್ಲಸ್ ವನ್‌ಗೆ, ಎಂದರೆ ಹನ್ನೊಂದನೆಯ ತರಗತಿಗೆ, ಕಂಪ್ಯೂಟರಿನಲ್ಲಿ ಅರ್ಜಿ ಹಾಕಬೇಕು. ಯಾವ ಶಾಲೆ, ಯಾವ ವಿಷಯ ಬೇಕೆಂದು ಒಂದು, ಎರಡು, ಮೂರರ ಕ್ರಮದಲ್ಲಿ ಪಟ್ಟಿ ಕೊಡಬೇಕು. ನನ್ನ ಹತ್ತು ಮಕ್ಕಳಲ್ಲಿ ಪ್ರತೀಕ್ಷಾ ಜಾಣೆ. ಅಪ್ಪ ಮುಳ್ಳೇರಿಯ ಪೇಟೆಯಲ್ಲಿ ರಿಕ್ಷಾ ಓಡಿಸುತ್ತಾರೆ, ಅಮ್ಮ ಸರೋಜಕ್ಕ ಬೀಡಿ ಕಟ್ಟುತ್ತಾರೆ. ಹುಡುಗಿಗೆ ನರ್ಸ್ ಆಗುವ ಆಸೆ. ಅದಕ್ಕೆ ಸಯನ್ಸೇ ಬೇಕು. ನಾನು ಅವರ ಜಗಲಿಯಲ್ಲಿ ಕುಳಿತು, ಸುಲಭದಲ್ಲಿ ಸಿಗುವ ಕಾಮರ್ಸನ್ನು ಮೊದಲು ಹಾಕಿ, ಸಯನ್ಸನ್ನು ಕೊನೆಗೆ ಬರೆದು ಪಟ್ಟಿ ಕೊಟ್ಟೆ. “ಬಸ್ಸಿನ ಹಾಗೆ ಸರೋಜಕ್ಕಾ. ಮೊದಲು ಸಿಕ್ಕಿದ ಸೀಟಿನಲ್ಲಿ ಕೂತುಕೊಳ್ಳಬೇಕು. ಆಮೇಲೆ ಕಿಟಕಿ ಬದಿ ಖಾಲಿಯಾದರೆ ಸರಿದರಾಯಿತು” ಎಂದು ವಿವರಿಸಿದೆ. ಸರೋಜಕ್ಕ ತಲೆದೂಗಿದರು.

ಒಂದು ವಾರ ಕಳೆದು ನನ್ನ ಬುದ್ಧಿವಂತಿಕೆಯನ್ನು ಬಿಂದು ಟೀಚರ ಎದುರು ಹೇಳಿಕೊಂಡೆ. ಅವರು ಕೆಂಪು ಪೆನ್ನು ಕೆಳಗಿಟ್ಟರು. “ಅಯ್ಯೋ ಮಾಷೇ! ಒಂದನೆಯದು ಸಿಕ್ಕಿದರೆ ಕೆಳಗಿನದ್ದೆಲ್ಲ ಕ್ಯಾನ್ಸಲ್. ಮತ್ತೆ ಸರಿಯಲಿಕ್ಕೆಲ್ಲ ಇಲ್ಲ.”

“ತಿದ್ದಲಿಕ್ಕೆ ಆಗುದಿಲ್ವಾ?”

“ನಿನ್ನೆಗೆ ಮುಗಿಯಿತು.”

ನನ್ನ ಜೀವವೇ ಹೋದಂತಾಯಿತು. ಹೆತ್ತವರು ನಂಬಿ ಕೊಟ್ಟ ಮಗುವಿನ ಆಸೆಗೆ ಕೈಯಾರೆ ಕಲ್ಲು ಹಾಕಿದೆನಲ್ಲ! ನಾಲ್ಕು ದಿನ ಅನ್ನ ಸೇರಲಿಲ್ಲ. “ಗೊತ್ತಿಲ್ಲ ಅಂತ ಹೇಳಿದ್ರೆ ನಿಮ್ಮ ಬಾಯಿ ಸವೀತಿತ್ತಾ?” ಎಂದಳು ಹೆಂಡತಿ. ಅವಳ ಪ್ರಶ್ನೆಯೂ ಒಳ್ಳೆಯದೇ.

ಸೀಟು ಹಂಚಿಕೆಯ ಪಟ್ಟಿ ಬಂದ ದಿನ, ತಪ್ಪೊಪ್ಪಿಕೊಳ್ಳುವುದೆಂದು ಗಟ್ಟಿ ಮನಸ್ಸು ಮಾಡಿ ಅವರ ಮನೆಗೆ ಹೋದೆ. ಬಾಯಿ ತೆರೆಯುವ ಮೊದಲೇ ಸರೋಜಕ್ಕ ಚಹಾ ತಂದರು. “ಸಯನ್ಸೇ ಸಿಕ್ಕಿತು ಮಾಷ್ಟ್ರೇ! ನೀವು ಬರೆದುಕೊಟ್ಟ ಹಾಗೇ ಹಾಕಿದ್ದಕ್ಕೆ ಸಿಕ್ಕಿದ್ದು. ಇಲ್ಲದಿದ್ರೆ ನಮಗೆಂತ ಗೊತ್ತುಂಟು?” ಎಂದು ಕೈಮುಗಿದರು. ಬಾಗಿಲ ಬಳಿ ನಿಂತಿದ್ದ ಪ್ರತೀಕ್ಷಾ ನೆಲ ನೋಡುತ್ತಿದ್ದಳು. ತಪ್ಪೊಪ್ಪಿಗೆಯನ್ನು ಚಹಾದ ಜೊತೆ ನುಂಗಿ ಎದ್ದೆ.

ಬಸ್‌ಸ್ಟಾಪಿನವರೆಗೆ ಬಿಡಲು ಬಂದವಳು ಮೆಲ್ಲನೆ ಹೇಳಿದಳು: “ಸರ್, ಕಂಪ್ಯೂಟರ್ ಅಂಗಡಿಯಲ್ಲಿ ನಿಮ್ಮ ಪಟ್ಟಿಯನ್ನು ಅಡಿಮೇಲು ಮಾಡಿ ಹಾಕಿದೆ. ನಿಯಮ ಓದಿದ್ದೆ.”

“ನನಗೊಂದು ಮಾತು ಹೇಳಬಾರದಿತ್ತಾ ಮಾರಾಯ್ತಿ? ನಾಲ್ಕು ದಿನ ನಿದ್ದೆ ಇಲ್ಲ ನನಗೆ!”

“ಹೇಳ್ಬೇಕು ಅಂತ ಇತ್ತು ಸರ್. ಆದ್ರೆ ಅಮ್ಮನ ಎದುರು ನೀವು ಬಸ್ಸಿನ ಸೀಟಿನದ್ದು ಅಷ್ಟು ಚಂದ ಹೇಳ್ತಾ ಇದ್ರಿ...”

ಸಿಟ್ಟು ಬಂತು. ಅದಕ್ಕಿಂತ ಹೆಚ್ಚು ಸಂತೋಷವಾಯಿತು. ಬಸ್ಸಿಗೆ ಇನ್ನೂ ಹೊತ್ತಿತ್ತು. ನನ್ನ ಚೀಲದಲ್ಲಿ ನನ್ನದೇ ವರ್ಗಾವಣೆಯ ಅರ್ಜಿ ಇತ್ತು. ಅದರಲ್ಲೂ ಬೇಕಾದ ಶಾಲೆಗಳ ಪಟ್ಟಿಯನ್ನು ಕ್ರಮದಲ್ಲೇ ಕೊಡಬೇಕು. ಸಲ್ಲಿಸಲು ಎರಡು ದಿನ ಬಾಕಿ. ಮಂಗಲ್ಪಾಡಿಯ ಮನೆಯಿಂದ ಎರಡು ಬಸ್ಸು ಬದಲಿಸಿ ಈ ಮುಳ್ಳೇರಿಯಕ್ಕೆ ಬರುತ್ತಿರುವವನು ನಾನು. ಹಿಂದಿನ ಎರಡು ವರ್ಗಾವಣೆಗಳೂ ನನ್ನನ್ನು ಮನೆಯಿಂದ ಇನ್ನಷ್ಟು ದೂರಕ್ಕೇ ಒಯ್ದಿದ್ದವು. ಇಲಾಖೆಗೆ ಕಣ್ಣಿಲ್ಲ ಎಂದು ಊರೆಲ್ಲ ಬೈದುಕೊಂಡು ತಿರುಗಿದ್ದೆ. ಅತ್ತಿತ್ತ ನೋಡಿ ಕಾಗದವನ್ನು ಅವಳ ಕೈಗಿತ್ತೆ.

ಅವಳು ಮೇಲಿಂದ ಕೆಳಗೆ ಓದಿದಳು. “ಸರ್, ನಿಮಗೆ ನಿಜವಾಗಿ ಬೇಕಾದ ಶಾಲೆ ಇದರಲ್ಲಿ ಎಷ್ಟನೆಯದು?”

“ಏಳನೆಯದು” ಎಂದೆ.

ಪುಣ್ಯಾತ್ಗಿತ್ತಿ ನಗಲಿಲ್ಲ. “ಪೆನ್ನು ಉಂಟಾ ಸರ್?” ಎಂದಳು.