ಪೆನ್ಸಿಲ್ ಕಿರಣಗಳ ಗಡಿಯಾರ

"ಇನ್ನು ಮೂರೇ ತಿಂಗಳು! ಈ ಮನೆಗೆ ಕಾಲಿಟ್ಟವರು ಐವತ್ತು ವರ್ಷ ಹಿಂದಕ್ಕೆ ಹೋಗಿ ಬೀಳಬೇಕು! ಹಾಗೆ ಮಾಡದಿದ್ರೆ ನನ್ನನ್ನ ನಕ್ಷೆ ವಿಭಾಗದ ಮುಖ್ಯಸ್ಥ ಅಂತ ಕರೀಲೇಬೇಡಿ!"

ನಿವೃತ್ತರಾದ ಮಾರನೆಯ ಬೆಳಿಗ್ಗೆ ಯಜಮಾನರು ಚಹಾದ ಲೋಟವನ್ನು ಮೇಜಿಗೆ ಕುಟ್ಟಿ ಹೀಗೆ ಪ್ರತಿಜ್ಞೆ ಮಾಡಿದಾಗ ಸಭೆಯಲ್ಲಿ ಇದ್ದವರು ಇಬ್ಬರೇ, ಹೆಂಡತಿ ಮತ್ತು ಕಾಲೇಜಿಗೆ ಹೋಗುವ ಮಗಳು.

"ನಿನ್ನೆಯಿಂದ ಆ ಹೆಸರಲ್ಲಿ ಬೇರೆ ಯಾರನ್ನೋ ಕರೀತಾರಪ್ಪ," ಎಂದಳು ಮಗಳು.

ಲೋಟ ಕುಟ್ಟಿದ ಜಾಗವನ್ನು ಹೆಂಡತಿ ಬಟ್ಟೆಯಿಂದ ಒರೆಸಿದಳು.

ಇಪ್ಪತ್ತೊಂಬತ್ತು ವರ್ಷ ನೀರು ಸರಬರಾಜು ಕಚೇರಿಯಲ್ಲಿ ಕೊಳವೆಗಳ ನಕ್ಷೆ ಬರೆದ ಕೈ ಅದು. ಸುಮ್ಮನೆ ಕೂರು ಎಂದರೆ ಕೂರುತ್ತದೆಯೇ? ಮೊದಲ ವಾರದಲ್ಲೇ ಟೀವಿಗೆ ಹಳೆಯ ಕಾಲದ ಹಾಗೆ ನಾಲ್ಕು ಓರೆಗಾಲು, ಎರಡು ಮರದ ಬಾಗಿಲು, ತಿರುಗಿಸಿದರೂ ಏನೂ ಆಗದ ಮೂರು ಗುಂಡಿಗಳು ಬಂದವು. ಬಾಗಿಲು ತೆರೆಯಬೇಕಾದರೆ ಸೋಫಾ ಸರಿಸಬೇಕು, ಸೋಫಾ ಸರಿಸಬೇಕಾದರೆ ಮಗಳು ಓದುವ ಮೇಜು ಹೊರಗೆ ಹೋಗಬೇಕು. ಹಾಗಾಗಿ ಮನೆಯಲ್ಲಿ ಟೀವಿ ನೋಡುವುದೇ ನಿಂತಿತು. ಹೆಂಡತಿಯ ಕೈಗಡಿಯಾರ ಕೆಟ್ಟು ಬಿದ್ದು ವರ್ಷವಾಗಿತ್ತು. ಅದರ ಹಲ್ಲಿನ ಚಕ್ರಗಳೆಲ್ಲ ಕನ್ನಡಿಯ ಚೌಕಟ್ಟಿನ ಮೇಲೆ ಹೂವಾಗಿ ಅಂಟಿಕೊಂಡವು. ಅವಳು ಮುಖ ತೊಳೆದು ಕನ್ನಡಿ ನೋಡಿದರೆ ಹಿಂದೆ ಯಜಮಾನರ ಮುಖವೂ ಕಾಣುತ್ತಿತ್ತು. "ಹೇಗಿದೆ? ಹೇಗಿದೆ?" ಎಂದು ಕೇಳಲು ಅವರು ಬೆನ್ನ ಹಿಂದೆಯೇ ನಿಂತಿರುತ್ತಿದ್ದರು.

ಹಾಗೆ ನಿಲ್ಲುವುದೇ ಅವರ ಹೊಸ ಉದ್ಯೋಗವಾಗಿತ್ತು. ಅವಳು ಪಾತ್ರೆ ತೊಳೆಯುವಾಗ ಹಿಂದೆ, ಬಟ್ಟೆ ಒಣಹಾಕುವಾಗ ಹಿಂದೆ. ಪುಸ್ತಕ ಹಿಡಿದು ಕಿಟಕಿಯ ಬಳಿ ಕೂತರಂತೂ ಎದುರಿಗೇ ಬಂದು, "ಅಂಟು ಹಿಡ್ಕೋ," "ಈ ತುದಿ ಎಳಿ," "ಕೆಂಪು ಚೆನ್ನೋ ಹಸಿರು ಚೆನ್ನೋ?" ಹಸಿರು ಎಂದರೆ ಕೆಂಪು ಬಳಿಯುತ್ತಿದ್ದರು. ಮತ್ತೆ ಕೇಳಿದ್ದು ಯಾಕೋ!

ಎರಡನೆಯ ತಿಂಗಳಲ್ಲಿ ಹುಟ್ಟಿದ್ದು ದೂರವಾಣಿ ಪೆಟ್ಟಿಗೆ. ಮರದ ಪೆಟ್ಟಿಗೆ, ಅದಕ್ಕೆ ಡಬ್ಬಿಯ ಮುಚ್ಚಳದಲ್ಲಿ ಹತ್ತು ತೂತು ಕೊರೆದು ಮಾಡಿದ ಡಯಲ್ಲು, ಮೇಲೆ ಕಾಗದದ ರಟ್ಟಿನ ರಿಸೀವರ್. ಸಂಜೆ ಏಳಾದರೆ ಮೂವರ ಮೊಬೈಲೂ ಅದರ ಹೊಟ್ಟೆಗೆ ಹೋಗಬೇಕು. "ಹಿಂದಿನ ಕಾಲದ ಹಾಗೆ ಮುಖ ಮುಖ ನೋಡ್ಕೊಂಡು ಮಾತಾಡೋಣ!" ಎಂದು ಅಪ್ಪಣೆಯಾಯಿತು. ಮೂವರೂ ಮುಖ ಮುಖ ನೋಡಿಕೊಂಡರು. ಮಾತಾಡಿದವರು ಮಾತ್ರ ಒಬ್ಬರೇ.

ಈ ನಡುವೆ ಹೆಂಡತಿ ಒಂದು ಕೆಲಸಕ್ಕೆ ಅರ್ಜಿ ಹಾಕಿದಳು. ಎರಡು ಬೀದಿ ದಾಟಿ ಬಸ್ಸು ಹತ್ತಿದರೆ ಇಪ್ಪತ್ತೈದು ನಿಮಿಷದಲ್ಲಿ ಸಿಗುವ ಶಾಲೆ, ಅದರ ಗ್ರಂಥಾಲಯದಲ್ಲಿ ಸಹಾಯಕಿಯ ಹುದ್ದೆ. ಮದುವೆಗೆ ಮುಂಚೆ ಎರಡು ವರ್ಷ ಅದೇ ಕೆಲಸ ಮಾಡಿದ್ದಳು. ಸಂದರ್ಶನದ ಪತ್ರ ಬಂದ ದಿನ ಅವಳು ಅದನ್ನು ಮೂರು ಸಲ ಓದಿದ್ದನ್ನು ಮಗಳು ನೋಡಿದಳು. ಬೆಳಿಗ್ಗೆ ಹತ್ತು ಗಂಟೆಗೆ ಹಾಜರಿರಬೇಕು, ತಡವಾಗಿ ಬಂದವರನ್ನು ಪರಿಗಣಿಸುವುದಿಲ್ಲ ಎಂದು ಕೊನೆಯಲ್ಲಿ ದಪ್ಪಕ್ಷರದಲ್ಲಿತ್ತು.

"ಈ ವಯಸ್ಸಲ್ಲಿ ಯಾಕೆ ಈ ಉಸಾಬರಿ?" ಎಂದರು ಯಜಮಾನರು. "ಮನೇಲಿ ನಾನಿದ್ದೀನಲ್ಲ."

"ಇದ್ದೀರಿ," ಎಂದಳು ಹೆಂಡತಿ.

ಆ ಸಂದರ್ಶನದ ಹಿಂದಿನ ಸಂಜೆಯೇ ಯಜಮಾನರ ಮಹಾಕೃತಿ ಲೋಕಾರ್ಪಣೆಯಾಗಬೇಕೇ! ಸೂರ್ಯನ ಆಕಾರದ ಗೋಡೆ ಗಡಿಯಾರ. ಕಚೇರಿಯಲ್ಲಿ ಸವೆಸಿದ ಇಪ್ಪತ್ನಾಲ್ಕು ಪೆನ್ಸಿಲ್ಲುಗಳೇ ಅದರ ಕಿರಣಗಳು. ನಕ್ಷೆ ಬರೆಯುತ್ತಿದ್ದ ಮರದ ಅಡಿಕೋಲೇ ನಿಮಿಷದ ಮುಳ್ಳು, ಅದರ ತುದಿಗೆ ಶೋಭೆಗೆಂದು ಒಂದು ಹಿತ್ತಾಳೆ ಗುಂಡಿ. ಯಂತ್ರ ಮಾತ್ರ ಅಡುಗೆಮನೆಯ ಹಳೆಯ ಗಡಿಯಾರದ ಹೊಟ್ಟೆಯಿಂದ ತೆಗೆದದ್ದು. ಆ ಬಡಪಾಯಿ ಯಂತ್ರ ಹುಟ್ಟಿದಾಗಿನಿಂದ ಎತ್ತಿದ್ದು ಕಾಗದದಷ್ಟು ತೆಳ್ಳಗಿನ ತಗಡಿನ ಮುಳ್ಳುಗಳನ್ನು. ಯಜಮಾನರು ಪ್ರತಿಯೊಂದನ್ನೂ ಅರ್ಧ ಮಿಲಿಮೀಟರಿನ ಲೆಕ್ಕದಲ್ಲಿ ಅಳೆದಿದ್ದರು, ತೂಗುವುದೊಂದನ್ನು ಬಿಟ್ಟಿದ್ದರು. ನಕ್ಷೆ ವಿಭಾಗದಲ್ಲಿ ತಕ್ಕಡಿ ಇರಲಿಲ್ಲವಲ್ಲ!

ಗಡಿಯಾರ ಗೋಡೆಯೇರಿತು. ಅದೇ ಉತ್ಸಾಹದಲ್ಲಿ ಅವರು ದೂರವಾಣಿ ಪೆಟ್ಟಿಗೆಗೂ ಇನ್ನೊಂದು ಸುತ್ತು ವಾರ್ನಿಷ್ ಹೊಡೆದು, ಅದು ಒಣಗುವ ಮೊದಲೇ ಮೊಬೈಲುಗಳನ್ನು ಒಳಗಿಟ್ಟು ಮುಚ್ಚಳ ಒತ್ತಿದರು.

ಬೆಳಿಗ್ಗೆ ಏಳಕ್ಕೆ ಪೆಟ್ಟಿಗೆಯ ಹೊಟ್ಟೆಯೊಳಗೆ ಹೆಂಡತಿಯ ಅಲಾರಾಂ ಗೊಣಗಿತು. ಅವಳು ಮುಚ್ಚಳ ಎಳೆದಳು. ಮಗಳು ಎಳೆದಳು. ಯಜಮಾನರು ಒಂದು ಕಾಲನ್ನು ಗೋಡೆಗೆ ಕೊಟ್ಟು ಎಳೆದರು. ಮುಚ್ಚಳ ಒಂದು ಕೂದಲೆಳೆಯಷ್ಟೂ ಜಗ್ಗಲಿಲ್ಲ.

"ಉಳಿ ಹಾಕಿ ಎಬ್ಬಿಸಿಬಿಡಿ," ಎಂದಳು ಹೆಂಡತಿ.

"ಉಳಿಯಾ? ಮೂರು ಸುತ್ತು ವಾರ್ನಿಷ್ ಆಗಿದೆ ಅದಕ್ಕೆ! ಬಿಸಿಲು ಬಿದ್ರೆ ತಾನಾಗೇ ಬಿಡುತ್ತೆ. ಹೊತ್ತು ನೋಡೋಕೆ ಗಡಿಯಾರ ಇಲ್ವಾ?"

ಗಡಿಯಾರವನ್ನು ಅವರು ಆಗಲೇ ನೋಡಿದ್ದರು. ಎಲ್ಲರಿಗಿಂತ ಮೊದಲು ಎದ್ದು ಬಂದಾಗ ಅದರಲ್ಲಿ ಮೂರಕ್ಕೆ ಇಪ್ಪತ್ತು ನಿಮಿಷ ಕಡಿಮೆಯಾಗಿತ್ತು. ಬ್ಯಾಟರಿ ಹೊಂದಿಕೊಳ್ಳಬೇಕೇನೋ ಎಂದು ತಮಗೆ ತಾವೇ ಹೇಳಿಕೊಂಡು, ಅಲಾರಾಂ ಕೂಗಿದ ಕೂಡಲೇ ಯಾರಿಗೂ ಕಾಣದಂತೆ ಮುಳ್ಳನ್ನು ಏಳಕ್ಕೆ ತಂದಿಟ್ಟಿದ್ದರು.

ಹೆಂಡತಿ ಬಟ್ಟೆಗೆ ಇಸ್ತ್ರಿ ಹಾಕಲು ಕೂತಳು, ಯಜಮಾನರು ಗಡಿಯಾರದ ಕಾವಲಿಗೆ ಕೂತರು. ಹನ್ನೆರಡರಿಂದ ಆರರವರೆಗೆ ಅಡಿಕೋಲು ಜಾರುಬಂಡೆಯ ಮೇಲಿನ ಮಗುವಿನಂತೆ ಸುಖವಾಗಿ ಇಳಿಯಿತು. ಆರು ದಾಟಿ ಹತ್ತಬೇಕಾದಾಗ ಶುರುವಾಯಿತು ಅದರ ಪಾಡು! ಒಂದು ಹೆಜ್ಜೆ ಏರುವುದು, ನಡುಗುವುದು, ಅಲ್ಲಿಗೇ ಜಾರುವುದು. ಎಂಟರ ಅಂಕಿಯ ಹತ್ತಿರ ಬಂದು ನಿಂತೇಬಿಟ್ಟಿತು. ಒಳಗಿನ ಯಂತ್ರ ಮಾತ್ರ ಟಿಕ್ ಟಿಕ್ ಎಂದು ಪ್ರಾಮಾಣಿಕವಾಗಿ ಒದ್ದಾಡುತ್ತಿತ್ತು. ಯಜಮಾನರು ಅತ್ತಿತ್ತ ನೋಡಿ ಪೊರಕೆಯ ಹಿಡಿಯಿಂದ ಮುಳ್ಳನ್ನು ಮೇಲಕ್ಕೆ ತಳ್ಳಿದರು. ಎಷ್ಟು ತಳ್ಳಬೇಕು? ಅಂದಾಜು! ಅರ್ಧ ಮಿಲಿಮೀಟರಿನ ಮನುಷ್ಯ ಜೀವನದಲ್ಲಿ ಮೊದಲ ಸಲ ಅಂದಾಜಿಗೆ ಬಿದ್ದರು.

"ಅಪ್ಪ, ನಾನು ಹಲ್ಲುಜ್ಜೋಕೆ ಹೋದಾಗಲೂ ಮುಳ್ಳು ಅಲ್ಲೇ ಇತ್ತು, ಬಂದಾಗಲೂ ಅಲ್ಲೇ ಇದೆ," ಎಂದಳು ಮಗಳು.

"ನೀನು ಬೇಗ ಉಜ್ಜಿದೀಯ. ಹೋಗಿ ಇನ್ನೊಂದು ಸಲ ಉಜ್ಜು!"

ಗಡಿಯಾರದಲ್ಲಿ ಎಂಟು ಮೂವತ್ತೆಂಟು ಆಗಿದ್ದಾಗ ಪೆಟ್ಟಿಗೆ ಮತ್ತೆ ಗೊಣಗಿತು. ಇಸ್ತ್ರಿ ಮುಗಿಸಿ, ಹಳೆಯ ಪ್ರಮಾಣಪತ್ರಗಳನ್ನು ಕಡತದಲ್ಲಿ ಜೋಡಿಸುತ್ತಿದ್ದ ಹೆಂಡತಿ ತಲೆಯೆತ್ತಿದಳು.

"ರೀ, ಒಂಬತ್ತು ಹತ್ತಕ್ಕೆ ಇನ್ನೊಂದು ಅಲಾರಾಂ ಇಟ್ಟಿದ್ದೆ, ಹೊರಡೋಕೆ ಅಂತ. ಅದೇ ಇರಬೇಕು ಇದು."

ಒಂದು ಮಾತು ಸಾಕಿತ್ತು ಅಲ್ಲಿ. "ಹೌದು ಮಾರಾಯ್ತಿ, ಓಡು" ಎಂದಿದ್ದರೆ ಮುಗಿಯುತ್ತಿತ್ತು, ಬಸ್ಸು ಸಿಗುತ್ತಿತ್ತು. ಗಡಿಯಾರ ಸೋತಿದೆ ಎಂದು ಯಜಮಾನರಿಗೆ ಸ್ಪಷ್ಟವಾಗಿ ಗೊತ್ತಿತ್ತು. ಆದರೆ ಮಗಳು ಬಾಗಿಲಲ್ಲಿ ನಿಂತು ಅವರ ಮುಖವನ್ನೇ ನೋಡುತ್ತಿದ್ದಳು, ಅವಳ ತುಟಿಯಂಚಿನಲ್ಲಿ ನಗು ಸಿದ್ಧವಾಗಿತ್ತು. ಆ ನಗುವಿಗೆ ಅವರು ಹೆದರಿದರು. ಐವತ್ತೆಂಟು ದಾಟಿದ ಗಂಡಸು ಇಪ್ಪತ್ತರ ಹುಡುಗಿಯ ನಗುವಿಗೆ ಹೆದರಿ ಸುಳ್ಳು ಹೇಳಿದರು.

"ಏಳು ಗಂಟೆಯ ಅಲಾರಾಮನ್ನ ಯಾರೂ ನಿಲ್ಲಿಸಿಲ್ಲವಲ್ಲ, ಅದೇ ಮತ್ತೆ ಹೊಡ್ಕೊಳ್ತಿದೆ. ನನ್ನ ಗಡಿಯಾರ ಒಂದು ಸೆಕೆಂಡೂ ಆಚೀಚೆ ಇಲ್ಲ. ಆರಾಮಾಗಿ ತಲೆ ಬಾಚ್ಕೋ."

ಅವಳು ನಂಬಿದಳು. ಇಷ್ಟು ವರ್ಷದ ಸಂಸಾರದಲ್ಲಿ ಅಳತೆಯ ವಿಷಯದಲ್ಲಿ ಗಂಡನನ್ನು ಅನುಮಾನಿಸಿದವಳಲ್ಲ. ಆರಾಮಾಗಿ ತಲೆ ಬಾಚಿಕೊಂಡಳು. ಪೊರಕೆಯ ಹಿಡಿ ಇನ್ನೆರಡು ಸಲ ಕೆಲಸ ಮಾಡಿತು. ಅವಳು ಮೆಟ್ಟಿಲಿಳಿದಾಗ ಪೆನ್ಸಿಲ್ ಸೂರ್ಯನಲ್ಲಿ ಒಂಬತ್ತು ಹತ್ತು.

"ಅಪ್ಪ, ಉಳಿ ಕೊಡಿ," ಎಂದಳು ಮಗಳು. ಅವಳ ಮುಖದಲ್ಲಿ ಈಗ ನಗು ಇರಲಿಲ್ಲ.

"ಅವಸರ ಏನು? ಬಿಸಿಲು..."

ಅಷ್ಟರಲ್ಲಿ ಪೆಟ್ಟಿಗೆ ಮೂರನೆಯ ಸಲ ಬಾಯಿ ಬಿಟ್ಟಿತು. ಈ ಸಲ ಅಲಾರಾಮಲ್ಲ, ಕರೆ! ಮಗಳು ಹೋಗಿ ಸುತ್ತಿಗೆಯನ್ನೇ ತಂದಳು. ಒಂದೇ ಏಟಿಗೆ ಡಯಲ್ಲು ಹಾರಿ ಸೋಫಾ ಕೆಳಗೆ ಸೇರಿತು, ಎರಡನೆಯ ಏಟಿಗೆ ಪೆಟ್ಟಿಗೆ ಎರಡು ಹೋಳಾಯಿತು. ಚೂರುಗಳ ನಡುವೆ ಮಿನುಗುತ್ತಿದ್ದ ಪರದೆಯಲ್ಲಿ ಹತ್ತು ಗಂಟೆ ಎರಡು ನಿಮಿಷ. ಯಜಮಾನರೇ ಎತ್ತಿಕೊಂಡರು.

"ಮೇಡಂ, ಶಾಲೆಯಿಂದ ಮಾತಾಡ್ತಿರೋದು," ಎಂದಿತು ಗುಮಾಸ್ತನ ದನಿ. "ಇಬ್ಬರನ್ನೇ ಕರೆದಿದ್ವಿ. ಇನ್ನೊಬ್ಬರು ಒಂಬತ್ತೂವರೆಗೇ ಬಂದು ಕೂತಿದ್ದಾರೆ. ನೀವು ಬರ್ತೀರಾ ಇಲ್ವಾ?"

"ಹೊರಟಿದ್ದಾಳೆ ಸ್ವಾಮಿ! ಬಂದೇಬಿಟ್ಳು! ಮನೇಲಿ ಗಡಿಯಾರ ಸ್ವಲ್ಪ... ಸಂದರ್ಶನದ ಗಡಿಯಾರ ಅಲ್ಲ, ನಮ್ಮನೆ ಗಡಿಯಾರ... ಕೈಯಲ್ಲೇ ಮಾಡಿದ್ದು, ಪೆನ್ಸಿಲ್ಲಿಂದ..."

"ಏನಿಂದ?"

"ಪೆನ್ಸಿಲ್ಲಿಂದ."

"ಹತ್ತು ಐದಕ್ಕೆ ಬಾಗಿಲು ಹಾಕ್ತಾರೆ," ಎಂದು ಗುಮಾಸ್ತ ಫೋನಿಟ್ಟ.

ಯಜಮಾನರು ಚಪ್ಪಲಿ ಮೆಟ್ಟಿದ್ದು ಎಡಬಲ ತಪ್ಪಿ. ಹಾಗೇ ಬಸ್ ನಿಲ್ದಾಣದವರೆಗೆ ಓಡಿದರು. ಬಸ್ಸು ಆಗಲೇ ಹೋಗಿತ್ತು. ಹೋಗಿದ್ದರಿಂದ ಪ್ರಯೋಜನವೇನು ಎಂದು ಅವರಿಗೂ ಗೊತ್ತಿರಲಿಲ್ಲ. ಮರಳಿ ಬಂದು ಕುರ್ಚಿ ಹತ್ತಿ, ಗಡಿಯಾರವನ್ನು ಇಳಿಸಿ, ಮುಖ ಗೋಡೆಯ ಕಡೆ ಮಾಡಿ ಮೂಲೆಯಲ್ಲಿ ನಿಲ್ಲಿಸಿದರು. ಮಗಳು ಮರದ ಚೂರುಗಳನ್ನು ಗುಡಿಸುತ್ತಿದ್ದಳು. ಅಪ್ಪನ ಕಡೆ ನೋಡಲೂ ಇಲ್ಲ. ಅವಳು ನಕ್ಕಿದ್ದರೇ ವಾಸಿಯಿತ್ತು ಎಂದು ಅವರಿಗೆ ಅನ್ನಿಸಿತು.

ಹೆಂಡತಿ ಹನ್ನೊಂದೂವರೆಗೆ ಬಂದಳು. ಕಡತವನ್ನು ಮೇಜಿನ ಮೇಲಿಟ್ಟಳು, ನೀರು ಕುಡಿದಳು. ಕೂಗಾಡುತ್ತಾಳೆ ಎಂದು ಯಜಮಾನರು ಉತ್ತರಗಳನ್ನು ಸಾಲಾಗಿ ಸಿದ್ಧ ಮಾಡಿಕೊಂಡಿದ್ದರು. ಅವಳು ಕೂಗಲಿಲ್ಲ.

"ಬಾಗಿಲು ಹಾಕಿಬಿಟ್ಟಿದ್ರು," ಎಂದಳು. "ಗಾಜಿನ ಬಾಗಿಲು. ಒಳಗೆ ಅವರು ಆ ಇನ್ನೊಬ್ಬಾಕೆಗೆ ಪುಸ್ತಕದ ಕಪಾಟು ತೋರಿಸ್ತಾ ಇದ್ರು. ಸ್ವಲ್ಪ ಹೊತ್ತು ನೋಡ್ಕೊಂಡು ನಿಂತಿದ್ದೆ. ತುಂಬ ನಿಶ್ಶಬ್ದವಾಗಿತ್ತು."

"ನಂಗೆ ಗೊತ್ತಿತ್ತು," ಎಂದರು ಯಜಮಾನರು. ಸಿದ್ಧ ಮಾಡಿಕೊಂಡಿದ್ದ ಉತ್ತರಗಳಲ್ಲಿ ಇದು ಇರಲಿಲ್ಲ, ಬಾಯಿಗೆ ಬಂದುಬಿಟ್ಟಿತು. "ಗಡಿಯಾರ ಹಿಂದೆ ಬಿದ್ದಿದೆ ಅಂತ ಗೊತ್ತಿತ್ತು."

"ಬಸ್ಸಲ್ಲಿ ಪಕ್ಕದವರ ಕೈಗಡಿಯಾರ ನೋಡಿದಾಗ ನಂಗೂ ಗೊತ್ತಾಯ್ತು. ಗಡಿಯಾರ ಹಿಂದೆ ಬಿದ್ದಿದ್ದೂ ಗೊತ್ತಾಯ್ತು, ಅದು ನಿಮಗೆ ಗೊತ್ತಿದ್ದದ್ದೂ ಗೊತ್ತಾಯ್ತು."

ಯಜಮಾನರು ಕಡತವನ್ನು ಮೇಜಿನ ಅಂಚಿಗೆ ಸರಿಯಾಗಿ ಹೊಂದಿಸಿಟ್ಟರು. ಆದರೂ ಸಮಾಧಾನ ಹೇಳುವ ಹಳೆಯ ಚಾಳಿ ಬಿಡಬೇಕಲ್ಲ! "ಹೋಗ್ಲಿ ಬಿಡು. ಆ ಸಂಬಳ ಇಲ್ಲದಿದ್ರೆ ನಮಗೇನು ಊಟಕ್ಕೆ ಗತಿ ಇಲ್ವಾ?"

"ಸಂಬಳಕ್ಕೆ ಅಂತ ಯಾರು ಹೇಳಿದ್ರು? ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ನೀವಿಲ್ಲದ ಕಡೆ ಎಲ್ಲಾದ್ರೂ ಕೂತ್ಕೋಬೇಕಿತ್ತು ನಂಗೆ. ಅಷ್ಟೆ."

ಅಡುಗೆಮನೆಯಲ್ಲಿ ಮಗಳು ತೊಳೆಯುತ್ತಿದ್ದ ಪಾತ್ರೆಯ ಸದ್ದು ನಿಂತಿತು. ಯಜಮಾನರು ಅಂಟು ಒಣಗಿದ ತಮ್ಮ ಬೆರಳುಗಳನ್ನು ನೋಡಿಕೊಂಡರು.

"ನಾನು ಅಷ್ಟೊಂದು ಕಾಟ ಕೊಡ್ತಿದ್ನಾ? ಹಾಗಿದ್ರೆ ಒಂದು ಮಾತು ಬಾಯಿ ಬಿಟ್ಟು ಹೇಳ್ಬಾರ್ದಿತ್ತಾ?"

"ಹೇಳಿದ್ರೆ ನಿಮ್ಮ ಮನಸ್ಸಿಗೆ ನೋವಾಗುತ್ತೆ ಅಂತಲೇ," ಎಂದಳು ಹೆಂಡತಿ, "ಕೆಲಸ ಹುಡುಕಿದ್ದು."