ಏಟು ಬಿದ್ದ ಜಾಗ

ನಿವೃತ್ತನಾದ ಮೇಲೆ ನನಗೆ ಉಳಿದಿರುವ ಏಕೈಕ ಸೌಲಭ್ಯ ಮಧ್ಯಾಹ್ನದ ನಿದ್ದೆ. (ಕಚೇರಿಯಲ್ಲೂ ಇತ್ತು, ಕುರ್ಚಿ ಇಷ್ಟು ಮೆತ್ತಗಿರಲಿಲ್ಲ.) ಈಗ ಅದಕ್ಕೂ ಕಲ್ಲು ಬಿತ್ತು. ನಮ್ಮ ಮಲ್ಲೇಶ್ವರಂ ಮನೆಯ ಪಕ್ಕದಲ್ಲಿ, ಕಾರಿನ ನೆರಳಿಗೆ ಹಾಕಿಸಿದ ತಗಡಿನ ಮೇಲೆ ದಿನಾ ಮೂರು ಗಂಟೆಗೆ ಠಪ್ ಎಂದು ಸದ್ದು.

"ಏನೋ ಬಿದ್ದಿರತ್ತೆ, ಮಲಗ್ರೀ," ಎನ್ನುತ್ತಾಳೆ ನನ್ನವಳು, ಕಾವೇರಿ. ತಾರಸಿಯಲ್ಲಿ ಸಂಡಿಗೆ ಕಾಯುವವಳಿಗೆ ನಿದ್ದೆಯ ಬೆಲೆ ಏನು ಗೊತ್ತು?

ವಿಮಾನದ ರೆಕ್ಕೆಗೆ ಹಕ್ಕಿ ಬಡಿದರೆ ಎಲ್ಲಿ ಬಡಿಯಿತೆಂದು ಪತ್ತೆಹಚ್ಚುವ ಪ್ರಯೋಗಾಲಯದಲ್ಲಿ ಮೂವತ್ತು ವರ್ಷ ಸವೆದವನು ನಾನು. ಸುಮ್ಮನೆ ಮಲಗುತ್ತೇನೆಯೇ? ಏಣಿ ಹತ್ತಲು ಮಂಡಿ ಒಪ್ಪಲಿಲ್ಲ. ಸ್ಟೂಲಿನ ಮೇಲೆ ನಿಂತು ತಗಡಿನ ನಾಲ್ಕು ಮೂಲೆಗೂ ಕೆಳಗಿನಿಂದಲೇ ಸೆನ್ಸರ್ ಅಂಟಿಸಿ, ಯಾವುದು ಎಲ್ಲಿದೆಯೆಂದು ಕತ್ತೆತ್ತಿ ನೋಡುತ್ತಾ ನಕ್ಷೆ ಬರೆದುಕೊಂಡೆ. ಸದ್ದು ಯಾವುದಕ್ಕೆ ಮೊದಲು ಮುಟ್ಟುತ್ತದೋ ಏಟು ಅದರ ಹತ್ತಿರ ಬಿದ್ದಿದೆ ಎಂದರ್ಥ.

ಮೂರು ದಿನದ ಲೆಕ್ಕವೂ ಒಂದೇ ಜಾಗ ತೋರಿಸಿತು. ಪಕ್ಕದ ಮನೆಯ ಅಂಜನಪ್ಪನವರ ಕಾಂಪೌಂಡಿನ ಕಡೆಯ ಅಂಚು. ಅವರು ನಿವೃತ್ತ ಟೈಲರ್, ಇಪ್ಪತ್ತು ವರ್ಷದಿಂದ ನನ್ನ ವಾಕಿಂಗ್ ಜೊತೆಗಾರ. ಬೇಜಾರಾಯಿತು. ಆದರೂ ನಕ್ಷೆ ಹಿಡಿದು ಹೋದೆ.

"ವಿಜ್ಞಾನ ಸುಳ್ಳು ಹೇಳಲ್ಲ ಅಂಜನಪ್ಪನವರೇ. ಕಲ್ಲು ನಿಮ್ಮನೆಯಿಂದಲೇ ಬರ್ತಿದೆ."

ಅವರ ಮುಖ ಸಣ್ಣದಾಯಿತು. "ನಮ್ಮ ತಪ್ಪಾದ್ರೆ ಕ್ಷಮೆ ಕೇಳ್ತೀನಿ ಸಾರ್. ಅಲ್ಲದಿದ್ರೆ ನೀವು ಕೇಳಿ. ಕೇಳಲ್ಲ ಅಂದ್ರೆ ನಾಳೆಯಿಂದ ವಾಕಿಂಗ್ ನೀವೊಬ್ರೇ."

ಒಪ್ಪಿದೆ. ಅವರು ನಮ್ಮ ತಗಡಿನ ಕೆಳಗೆ ಬಂದು ನಿಂತರು. ಸೆನ್ಸರ್ ನೋಡಿದರು, ನಕ್ಷೆ ನೋಡಿದರು.

"ಕೆಳಗಿಂದ ನೋಡ್ಕೊಂಡು ಬರೆದ್ರಾ?"

"ಹೌದು."

"ಮೇಜಿನ ಮೇಲಿಟ್ಟು, ಮೇಲಿಂದ ನೋಡಿದ ಹಾಗೆ ಓದಿದ್ರಾ? ಬಟ್ಟೆಯ ಒಳಮಗ್ಗುಲಲ್ಲಿ ಗುರುತು ಹಾಕಿ ಹೊರಮಗ್ಗುಲು ಅಂದ್ಕೊಂಡು ಕತ್ತರಿಸಿದ್ರೆ, ಎಡದ ತೋಳು ಬಲಕ್ಕೆ ಹೋಗತ್ತೆ ಸಾರ್."

ಹೇಳಿ, ಕಾಗದ ಮಗುಚಿ ಬಿಸಿಲಿಗೆ ಹಿಡಿದರು. ನಾನಿಟ್ಟ ಅಪರಾಧದ ಚುಕ್ಕಿ ತಣ್ಣಗೆ ಆಚೆಯಿಂದ ಈಚೆಗೆ ಬಂದು, ನಮ್ಮ ತಾರಸಿಯ ಕೆಳಗೇ ಕೂತಿತು.

ಅಷ್ಟರಲ್ಲಿ ಠಪ್. ಹೊರಗೆ ಓಡಿ ಕತ್ತೆತ್ತಿದೆವು. ತಗಡಿನ ಅಂಚಿನಿಂದ ಕೋತಿಯೊಂದು ಹಾರಿ ಓಡುತ್ತಿತ್ತು. ಮೇಲೆ ತಾರಸಿಯಲ್ಲಿ ನನ್ನ ಧರ್ಮಪತ್ನಿ, ಕೈಯಲ್ಲಿ ರಬ್ಬರ್ ಕವಣೆ.

ಅಂಜನಪ್ಪನವರಿಗೆ ಕೈ ಮುಗಿದು ಕ್ಷಮೆ ಕೇಳಿದೆ. ನಾಚಿಕೆಯಿಂದ ತಲೆ ಏಳಲಿಲ್ಲ. "ಬೆಳಗ್ಗೆ ಆರಕ್ಕೆ ರೆಡಿಯಾಗಿರಿ," ಎಂದು ನಕ್ಕರು ಪುಣ್ಯಾತ್ಮ.

ಕೋಪವೆಲ್ಲ ತಾರಸಿಯ ಕಡೆ ತಿರುಗಿತು. "ಮೊದಲೇ ಹೇಳಬಾರದಿತ್ತೇನೇ?"

"ಹೇಳೋಣ ಅಂತಲೇ ಇದ್ದೆ," ಎಂದಳು ಕಾವೇರಿ, ಕವಣೆ ಸೆರಗಿಗೆ ಸಿಕ್ಕಿಸಿಕೊಳ್ಳುತ್ತಾ. "ಅಷ್ಟರಲ್ಲಿ ನೀವೇ ಕಂಡುಹಿಡೀತೀನಿ ಅಂದ್ರಿ. ಇನ್ನು ಸಿಕ್ಕಿಬೀಳೋ ಭಯ ಇಲ್ಲ ಅಂತ ಸುಮ್ನಾದೆ."